ತಮ್ಮನ ಕಿವಿ ಆಪರೇಷನ್: ಡಾಕ್ಟರ್ ಚೆನ್ನಾಗಿದ್ದಾರೆ, ಬಿಲ್ ಮಾತ್ರ ಹುಷಾರು

ತಮ್ಮನ ಕಿವಿ ಹೊರಗೆ ಚಾಚಿಕೊಂಡಿತ್ತು. ಬೆಂಗಳೂರಿನ ಒಂದು ಸಣ್ಣ ಕ್ಲಿನಿಕ್‌ನಲ್ಲಿ ಓಟೋಪ್ಲಾಸ್ಟಿ, ಅಂದರೆ ಕಿವಿಯ ಆಕಾರ ಸರಿಪಡಿಸುವ ಆಪರೇಷನ್, ಮಾಡಿಸಿದೆವು. ಡಾಕ್ಟರ್ ಬಗ್ಗೆ ದೂರಿಲ್ಲ. ಕಿವಿಯಲ್ಲಿ ಇರಬೇಕಾದ ಮಡಿಕೆ ಸರಿಯಾಗಿ ಮೂಡಿಲ್ಲ, ಅದಕ್ಕೇ ಹೀಗೆ ಅಂತ ಕನ್ನಡಿ ಹಿಡಿದು ತೋರಿಸಿದರು. ಕಿವಿ ಹಿಂದೆ ಕುಯ್ದು, ಮೃದು ಎಲುಬಿಗೆ ಹೊಲಿಗೆ ಹಾಕಿ ಆ ಮಡಿಕೆ ತರುತ್ತಾರೆ, ಹಾಗಾಗಿ ಗಾಯದ ಗುರುತು ಮುಂದಿನಿಂದ ಕಾಣುವುದಿಲ್ಲ. ಮರಗಟ್ಟಿಸುವ ಇಂಜೆಕ್ಷನ್ ಅಷ್ಟೇ, ಪುಣ್ಯಾತ್ಮ ಮಾತಾಡುತ್ತಲೇ ಇದ್ದನಂತೆ. ಕಿವಿ ಕೇಳಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಅಮ್ಮನಿಗೆ ಅದೇ ಭಯ ಇತ್ತು.

ಬೇಸರ ಆಗಿದ್ದು ಬಿಲ್ ನೋಡಿ. ಫೋನಲ್ಲಿ ಹೇಳಿದ ರೇಟಿನಲ್ಲಿ ಡ್ರೆಸ್ಸಿಂಗ್, ಔಷಧಿ, ರಾತ್ರಿ ಕಟ್ಟಿಕೊಳ್ಳುವ ಹೆಡ್‌ಬ್ಯಾಂಡ್ ಯಾವುದೂ ಸೇರಿರಲಿಲ್ಲ, ಕೇಳಿದರೆ ರಿಸೆಪ್ಷನ್‌ನವರು ಸುಮ್ನೆ ನಗುತ್ತಾರೆ. ಅಂದಕ್ಕೆ ಮಾಡಿಸುವ ಆಪರೇಷನ್‌ಗೆ ಇನ್ಶೂರೆನ್ಸ್ ಸಾಮಾನ್ಯವಾಗಿ ಸಿಗುವುದಿಲ್ಲ, ಅಲ್ವಾ? ಎಲ್ಲಾ ಖರ್ಚು ಮೊದಲೇ ಬರೆಸಿಕೊಳ್ಳಿ.

ಕೆಲವು ವಾರ ಮಗ್ಗುಲಾಗಿ ಮಲಗುವಂತಿಲ್ಲ. ಹೆಲ್ಮೆಟ್ ಹಾಕುವಂತಿಲ್ಲ, ಅಂದರೆ ಬೈಕೂ ಇಲ್ಲ. ಎರಡೂ ಕಿವಿ ಅಚ್ಚು ಒಂದೇ ಥರ ಆಗಿಲ್ಲ, ಹಾಗೆ ಒಂದೇ ಥರ ಯಾರಿಗೂ ಇರುವುದಿಲ್ಲ ಬಿಡಿ. ಮಕ್ಕಳಿಗೆ ಮಾಡಿಸುವುದಾದರೆ 5–6 ವರ್ಷ ಆಗಲಿ ಅನ್ನುತ್ತಾರೆ, ಅಷ್ಟರಲ್ಲಿ ಕಿವಿ ಬಹುಪಾಲು ಬೆಳೆದಿರುತ್ತದೆ.