ಶನಿವಾರ ಮಧ್ಯಾಹ್ನ ಬಾಗಿಲು ಹಾಕುವ ಲಂಡನ್ ಸಿಟಿ ಏರ್‌ಪೋರ್ಟ್

ಲಂಡನ್‌ನಲ್ಲಿರುವ ನಮ್ಮವರಿಗೆ ಏರ್‌ಪೋರ್ಟ್ ಅಂದರೆ ಹೀಥ್ರೂ. ಊರಿಗೆ ಹೋಗುವುದು ಹೆಚ್ಚಾಗಿ ಅಲ್ಲಿಂದಲೇ ಅಲ್ವಾ. ಪೂರ್ವ ಲಂಡನ್‌ನ ಸಿಟಿ ಏರ್‌ಪೋರ್ಟ್ ಒಳಗೆ ಕಾಲಿಟ್ಟವರು ಕಡಿಮೆ. ನಾನು ಕೆಲಸದ ಮೇಲೆ ಎಡಿನ್‌ಬರೋ, ಆಮ್‌ಸ್ಟರ್‌ಡ್ಯಾಮ್ ಅಂತ ಇಲ್ಲಿಂದ ಎಷ್ಟೋ ಸಲ ಹೋಗಿ ಬಂದಿದ್ದೇನೆ. ಪ್ರಯಾಣಿಕನಾಗಿ ಕೇಳಿದರೆ ಐದಕ್ಕೆ ಐದು ಕೊಡುತ್ತೇನೆ. ಆದರೆ ಅಲ್ಲಿ ಅಕ್ಕಪಕ್ಕ ಬದುಕುವವರ ಮಾತು ಬಿಟ್ಟು ಈ ಜಾಗದ ಬಗ್ಗೆ ಬರೆದರೆ ಅರ್ಧ ಬರೆದ ಹಾಗೆ.

ಮೊದಲು ಒಳ್ಳೆಯದು. ಡಿಎಲ್‌ಆರ್ ರೈಲು ಟರ್ಮಿನಲ್ ಪಕ್ಕದಲ್ಲೇ ನಿಲ್ಲುತ್ತದೆ. ಲಂಡನ್ ನಡುವಿನ ಬ್ಯಾಂಕ್ ಎಂಬ ಸ್ಟೇಷನ್‌ನಿಂದ ಇಪ್ಪತ್ತು ಚಿಲ್ಲರೆ ನಿಮಿಷ. ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಚೆಕ್-ಇನ್, ಅಲ್ಲಿಂದ ಇನ್ನೊಂದಿಷ್ಟು ನಡೆದರೆ ಸೆಕ್ಯೂರಿಟಿ. 2023ರಲ್ಲಿ ಹೊಸ ಸ್ಕ್ಯಾನರ್ ಬಂದ ಮೇಲೆ ಲ್ಯಾಪ್‌ಟಾಪನ್ನು ಬ್ಯಾಗಿನಿಂದ ತೆಗೆದು ಟ್ರೇಯಲ್ಲಿ ಇಡುವ ಕೆಲಸವೂ ತಪ್ಪಿತು. (ನೀರು, ಶಾಂಪೂ ಇಂಥದ್ದರ ನಿಯಮ ಆಮೇಲೂ ಬದಲಾಗಿದೆ, ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ.) ಊಟಕ್ಕೆ ನನ್ನ ಸಲಹೆ ಈಸ್ಟ್ ಹ್ಯಾಮ್. ಅಲ್ಲಿ ಮಸಾಲೆ ದೋಸೆ ತಿಂದು, 474 ನಂಬರ್ ಬಸ್ ಹತ್ತಿ ಬನ್ನಿ.

ಇಳಿಯುವುದಂತೂ ಒಂದು ಅನುಭವ. ರನ್‌ವೇ ಬರೀ 1,508 ಮೀಟರ್. ಬೇರೆ ಕಡೆ ವಿಮಾನ ಸುಮಾರು 3 ಡಿಗ್ರಿ ಇಳಿಜಾರಿನಲ್ಲಿ ಬಂದರೆ ಇಲ್ಲಿ 5.5 ಡಿಗ್ರಿ. ಕ್ಯಾನರಿ ವಾರ್ಫ್‌ನ ಎತ್ತರದ ಕಟ್ಟಡಗಳು ಕಿಟಕಿ ಪಕ್ಕ ಸರಿದು ಹೋಗುತ್ತವೆ, ಆಮೇಲೆ ಎರಡೂ ಕಡೆ ನೀರು, ಚಕ್ರ ನೆಲ ಮುಟ್ಟಿದ ಕೂಡಲೇ ಜೋರಾಗಿ ಬ್ರೇಕ್. ಇದಕ್ಕಾಗಿ ಪೈಲಟ್‌ಗಳಿಗೆ ಬೇರೆಯೇ ತರಬೇತಿ ಇರುತ್ತದೆ. 2021ರಿಂದ ಇಲ್ಲಿನ ಕಂಟ್ರೋಲ್ ಟವರ್‌ನಲ್ಲಿ ಮನುಷ್ಯರೂ ಇಲ್ಲ. ಕಂಬದ ಮೇಲೆ ಕ್ಯಾಮೆರಾಗಳಿವೆ, ನೋಡುವವರು ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಸ್ವಾನ್‌ವಿಕ್‌ನಲ್ಲಿ ಕೂತಿದ್ದಾರೆ.

ಆ ಎರಡೂ ಕಡೆಯ ನೀರಿನ ಕಥೆ ಗೊತ್ತಿದ್ದರೆ ಒಳ್ಳೆಯದು. ಒಂದು ಕಡೆ ರಾಯಲ್ ಆಲ್ಬರ್ಟ್ ಡಾಕ್, ಇನ್ನೊಂದು ಕಡೆ ಐದನೇ ಕಿಂಗ್ ಜಾರ್ಜ್ ಡಾಕ್. ಒಂದು ಕಾಲಕ್ಕೆ ಜಗತ್ತಿನ ಮೂಲೆಮೂಲೆಯಿಂದ ಹಡಗು ಬಂದು ನಿಲ್ಲುತ್ತಿದ್ದ ಜಾಗ. ಪಕ್ಕದ ಸಿಲ್ವರ್‌ಟೌನ್, ನಾರ್ತ್ ವುಲಿಚ್‌ನ ಮನೆಮನೆಗೂ ಅನ್ನ ಹಾಕಿದ್ದು ಈ ಡಾಕ್‌ಗಳೇ. 1981ರ ಹೊತ್ತಿಗೆ ಹಡಗು ಬರುವುದು ನಿಂತೇಹೋಯಿತು. ಅಲ್ಲಿ ವಿಮಾನ ಇಳಿಸೋಣ ಎಂಬ ಯೋಚನೆ ಬಂದಾಗ ಊರಿನವರು ಸುಮ್ನೆ ಬೇಡ ಅನ್ನಲಿಲ್ಲ. ತಾವೇ ಕೂತು 1983ರಲ್ಲಿ ಡಾಕ್‌ಗಳಿಗೆ ತಮ್ಮದೇ ಒಂದು ಯೋಜನೆ ಬರೆದು ಮುಂದಿಟ್ಟರು. ಮನೆ ಬೇಕು, ಮಕ್ಕಳನ್ನು ನೋಡಿಕೊಳ್ಳುವ ಜಾಗ ಬೇಕು, ನಮ್ಮ ಕೈಗೆ ಬರುವ ಕೆಲಸ ಬೇಕು ಅಂತ. ಅದು ನಡೆಯಲಿಲ್ಲ. 1987ರ ಅಕ್ಟೋಬರ್‌ನಲ್ಲಿ ವಿಮಾನಗಳು ಹಾರಿದವು, ನವೆಂಬರ್‌ನಲ್ಲಿ ರಾಣಿ ಬಂದು ಉದ್ಘಾಟಿಸಿದರು.

ಆಗ ಇಳಿಯುತ್ತಿದ್ದದ್ದು ರೆಕ್ಕೆಗೆ ಪಂಖ ಇರುವ ಡ್ಯಾಶ್-7 ವಿಮಾನ. ಸಣ್ಣದು, ಸದ್ದು ಕಡಿಮೆ. ಆಮೇಲೆ ಜೆಟ್ ಬಂತು, ಇನ್ನೂ ದೊಡ್ಡ ಜೆಟ್ ಬಂತು. 2019ರಲ್ಲಿ ವರ್ಷಕ್ಕೆ 50 ಲಕ್ಷ ಜನ ದಾಟಿತು. ಒಂದೊಂದು ಸಲವೂ ಸ್ವಲ್ಪ ಸ್ವಲ್ಪ ಅನುಮತಿ ಕೇಳುತ್ತಾ ಏರ್‌ಪೋರ್ಟ್ ಇಷ್ಟು ದೂರ ಬಂದಿದೆ. ಅಲ್ಲಿನವರ ಸಿಟ್ಟು ಇರುವುದೇ ಇದರ ಮೇಲೆ, ಮತ್ತು ಆ ಸಿಟ್ಟು ನ್ಯಾಯ ಅಂತಲೇ ನನಗೆ ಅನಿಸುತ್ತದೆ.

2016ರಲ್ಲಿ ಇನ್ನೊಂದು ಬದಲಾವಣೆ ಆಯಿತು. ಮೊದಲು ಅಗಲವಾಗಿ ಹರಡಿಕೊಂಡು ಹೋಗುತ್ತಿದ್ದ ವಿಮಾನಗಳು ಉಪಗ್ರಹದ ಸಹಾಯದಿಂದ ಒಂದೇ ಕಿರಿದಾದ ದಾರಿ ಹಿಡಿದವು. ಹಾಗಾಗಿ ಆ ದಾರಿಯ ಕೆಳಗಿನ ಮನೆಗಳ ಮೇಲೆ ಒಂದಾದ ಮೇಲೊಂದು. ಆಗ್ನೇಯ ಲಂಡನ್‌ನ ಕ್ಯಾಟ್‌ಫರ್ಡ್ ಕಡೆ ಸಿಟಿ ಏರ್‌ಪೋರ್ಟ್‌ನ ವಿಮಾನವೂ ಕೆಳಗೆ ಹಾರುತ್ತದೆ, ಹೀಥ್ರೂ ವಿಮಾನವೂ ಮೇಲೆ ಹೋಗುತ್ತದೆ. ಬೆಂಗಳೂರಿನ ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣದ ಹತ್ತಿರ, ಮುರುಗೇಶಪಾಳ್ಯದ ಕಡೆ 2008ಕ್ಕೆ ಮುಂಚೆ ಇದ್ದವರಿಗೆ ನಾನು ಹೇಳುತ್ತಿರುವುದು ಬೇಗ ಅರ್ಥವಾಗುತ್ತದೆ.

ಇಷ್ಟೆಲ್ಲ ಆದರೂ ಅಲ್ಲಿನ ಜನರ ಕೈಯಲ್ಲಿ ಒಂದು ಉಳಿದಿದೆ. ರಾತ್ರಿ ವಿಮಾನ ಇಲ್ಲ. ಶನಿವಾರ ಮಧ್ಯಾಹ್ನ ಹನ್ನೆರಡೂವರೆಯಿಂದ ಭಾನುವಾರ ಮಧ್ಯಾಹ್ನ ಹನ್ನೆರಡೂವರೆವರೆಗೆ, 24 ಗಂಟೆ, ಏರ್‌ಪೋರ್ಟ್ ಬಂದ್. ಮಗುವನ್ನು ಮಲಗಿಸಬಹುದು, ಕಿಟಕಿ ತೆಗೆದು ಕೂರಬಹುದು, ಹಿತ್ತಲಲ್ಲಿ ನಾಲ್ಕು ಜನ ಸೇರಿ ಮಾತಾಡಬಹುದು. ವಾರದಲ್ಲಿ ಅವರಿಗೆ ಸಿಗುವ ಒಂದು ದಿನ ಅದು.

2022ರ ಕೊನೆಗೆ ಏರ್‌ಪೋರ್ಟ್‌ನವರು ಅದನ್ನೂ ಕೇಳಿದರು. ಶನಿವಾರ ಸಂಜೆ ಆರೂವರೆವರೆಗೆ ತೆರೆಯಲು ಬಿಡಿ, ವರ್ಷಕ್ಕೆ 65 ಲಕ್ಷ ಪ್ರಯಾಣಿಕರ ಮಿತಿಯನ್ನು 90 ಲಕ್ಷಕ್ಕೆ ಏರಿಸಿ ಅಂತ. ಹೊಸ ವಿಮಾನಗಳ ಸದ್ದು ಕಡಿಮೆ, ಸ್ಥಳೀಯರಿಗೆ ಕೆಲಸ ಸಿಗುತ್ತದೆ ಎನ್ನುವುದು ಅವರ ವಾದ. ಕೆಲಸದ ಮಾತು ಸುಳ್ಳಲ್ಲ, ಏರ್‌ಪೋರ್ಟ್ ಇರುವ ನ್ಯೂಹ್ಯಾಮ್ ಪ್ರದೇಶಕ್ಕೆ ಕೆಲಸ ಬೇಕು. ಆದರೂ ನ್ಯೂಹ್ಯಾಮ್ ಕೌನ್ಸಿಲ್ 2023ರ ಜುಲೈನಲ್ಲಿ ಆಗಲ್ಲ ಅಂದಿತು. ಏರ್‌ಪೋರ್ಟ್ ಮೇಲ್ಮನವಿ ಹಾಕಿತು. 2024ರ ಆಗಸ್ಟ್‌ನಲ್ಲಿ ಸರ್ಕಾರ 90 ಲಕ್ಷಕ್ಕೆ ಒಪ್ಪಿತು, ಶನಿವಾರ ಮಧ್ಯಾಹ್ನವನ್ನು ಮಾತ್ರ ಕೊಡಲಿಲ್ಲ. ಆ ಸುದ್ದಿ ಓದಿದ ದಿನ, ನಾನು ಆ ಕಡೆ ವಾಸ ಮಾಡದಿದ್ದರೂ, ನನಗೆ ನಿಜವಾಗಿ ಖುಷಿಯಾಯಿತು.

ಏಕೆಂದರೆ ನನಗೆ ಇಷ್ಟವಾದ ಏರ್‌ಪೋರ್ಟ್ ಇದೇ. ಸಣ್ಣದು, ಸಾಲು ಉದ್ದ ಇಲ್ಲ, ಅರ್ಧ ದಿನ ಹಾಳಾಗಲ್ಲ. ಊರಿನವರು ಮೂವತ್ತಕ್ಕೂ ಜಾಸ್ತಿ ವರ್ಷ ಸಭೆಗೆ ಹೋಗಿ, ಪತ್ರ ಬರೆದು, ಪಟ್ಟು ಹಿಡಿಯದೇ ಇದ್ದಿದ್ದರೆ ಇದು ಇಷ್ಟು ಸಣ್ಣದಾಗಿ ಉಳಿಯುತ್ತಿತ್ತಾ? ನನಗೆ ಸಿಕ್ಕ ಸುಖದಲ್ಲಿ ಅವರ ಪಾಲೂ ಇದೆ.

ಹೋಗುವವರಿಗೆ ಕೊನೆಯ ಮಾತು. ಮಂಜು ಬಿದ್ದ ದಿನ, ಗಾಳಿ ಜೋರಾದ ದಿನ ಇಲ್ಲಿ ವಿಮಾನ ತಡವಾಗುವುದುಂಟು, ಕೈಯಲ್ಲಿ ಸಮಯ ಇಟ್ಟುಕೊಳ್ಳಿ. ಭಾನುವಾರ ಬೆಳಿಗ್ಗೆ ಹೊರಡಬೇಕಿದ್ದರೆ ಇಲ್ಲಿಂದ ಆಗುವುದಿಲ್ಲ, ಹೀಥ್ರೂಗೋ ಗ್ಯಾಟ್‌ವಿಕ್‌ಗೋ ಹೋಗಬೇಕು. ನನ್ನ ಮನೆಯಿಂದ ಹೀಥ್ರೂಗೆ ಒಂದೂವರೆ ಗಂಟೆ ಹಿಡಿಯುತ್ತದೆ. ಬೇಗ ಎದ್ದು ಹೋಗುತ್ತೇನೆ.