ಅಗ್ಗದ ಮಾದರಿ ಉಗಿ ಎಂಜಿನ್: ನಾಲ್ಕು ವರ್ಷ ಓಡಿಸಿ ನೋಡಿದ ಮೇಲೆ

ನಾಲ್ಕು ವರ್ಷದ ಹಿಂದೆ ಇಲ್ಲಿ ಇಂಗ್ಲೆಂಡಿನ ಡರ್ಬಿಯಲ್ಲಿ ಮನೆ ಬದಲಾಯಿಸಿದಾಗ ಒಂದು ಪುಟ್ಟ ರೂಮು ಹೆಚ್ಚಿಗೆ ಸಿಕ್ಕಿತು. ಇಲ್ಲಿಯವರು ಅದಕ್ಕೆ ಬಾಕ್ಸ್ ರೂಮ್ ಅನ್ನುತ್ತಾರೆ. ಮಂಚ ಹಾಕಿದರೆ ಬಾಗಿಲು ತೆರೆಯುವುದಿಲ್ಲ, ಅಷ್ಟೇ ಜಾಗ. ಅದರಲ್ಲಿ ಪ್ಲೈವುಡ್ ಹಲಗೆ ಹಾಕಿ ಡಬಲ್ ಓ ಗೇಜಿನ, ಅಂದರೆ ನಿಜವಾದ ರೈಲಿನ 76ನೇ ಒಂದು ಪಾಲು ಅಳತೆಯ ಮಾದರಿ ರೈಲಿನ, ಹಳಿ ಕೂರಿಸಿದೆ. ಅವತ್ತಿನಿಂದ ಮೂರು ಉಗಿ ಎಂಜಿನ್ ಕೊಂಡಿದ್ದೇನೆ, ಮೂರೂ ಅಗ್ಗದವೇ. ನೋಡಲು ಉಗಿ ಎಂಜಿನ್, ಓಡುವುದು ಮಾತ್ರ ಹಳಿಯಿಂದ ಬರುವ ಕರೆಂಟಿನ ಮೋಟರಿನಲ್ಲಿ. ಮೊದಲನೆಯದು ಶುರುವಿನ ಸೆಟ್ ಜೊತೆ ಬಂದ 0-4-0. (ಮುಂದಿನ ಪುಟ್ಟ ಚಕ್ರ, ನಡುವಿನ ಎಳೆಯುವ ಚಕ್ರ, ಹಿಂದಿನ ಪುಟ್ಟ ಚಕ್ರ ಎಷ್ಟೆಷ್ಟು ಅನ್ನುವ ಲೆಕ್ಕ ಇದು.) ಎರಡನೆಯದು ಹೊಸದಾಗಿ 60 ಪೌಂಡ್ ಕೊಟ್ಟು ತಂದ, ಜಿಂಟಿ ಅನ್ನುವ 0-6-0 ಎಂಜಿನ್ನಿನ ಮಾದರಿ. ಮೂರನೆಯದು ಚರ್ಚ್ ಹಾಲಿನಲ್ಲಿ ನಡೆದ, ಹಳೆಯ ಸಾಮಾನು ಕೊಂಡು ಮಾರುವ ಸ್ವಾಪ್‌ಮೀಟ್‌ನಲ್ಲಿ 25 ಪೌಂಡಿಗೆ ಸಿಕ್ಕ ಹಳೆಯ 4-6-0, ಇದರ ಮೋಟರು ಟೆಂಡರ್, ಅಂದರೆ ಎಂಜಿನ್ ಹಿಂದಿನ ಕಲ್ಲಿದ್ದಲು ಬಂಡಿಯ, ಒಳಗಿದೆ. ಕಂಪನಿಗಳ ಹೆಸರು ಹೇಳುವುದಿಲ್ಲ. ಈ ಬೆಲೆಯಲ್ಲಿ ಒಂದೇ ಮಾಡೆಲ್ಲಿನ ಎರಡು ಎಂಜಿನ್ ಕೂಡ ಒಂದೇ ಥರ ಓಡುವುದಿಲ್ಲ, ಹೆಸರು ಹೇಳಿ ಏನು ಪ್ರಯೋಜನ?

ಹೊಸ ಎಂಜಿನ್ ತಂದವರು ಮಾಡುವ ಮೊದಲ ಕೆಲಸ ಕಂಟ್ರೋಲರಿನ ವೇಗದ ನಾಬ್ ಪೂರ್ತಿ ತಿರುಗಿಸುವುದು. ನಾನೂ ಅದನ್ನೇ ಮಾಡಿದ್ದೆ. ಸೊಂಯ್ ಅಂತ ಓಡಿತು, ಖುಷಿಯಾಯಿತು. ಆಮೇಲೆ ಕೂತು ಲೆಕ್ಕ ಹಾಕಿದೆ. ನನ್ನದು 438 ಮಿಲಿಮೀಟರ್ ತ್ರಿಜ್ಯದ ಸುತ್ತು, ಅಂದರೆ ಸುಮಾರು 2.75 ಮೀಟರ್ ಹಳಿ. ಜಿಂಟಿ 12 ವೋಲ್ಟಿನಲ್ಲಿ ಅದನ್ನು 5 ಸೆಕೆಂಡಿಗೆ ಮುಗಿಸುತ್ತದೆ. 1:76 ಅಳತೆಯಲ್ಲಿ ಅದು ಗಂಟೆಗೆ 150 ಕಿಲೋಮೀಟರ್! ನಿಜವಾದ ಜಿಂಟಿ ಅಂದರೆ ಲಂಡನ್ ಮಿಡ್‌ಲ್ಯಾಂಡ್ ಅಂಡ್ ಸ್ಕಾಟಿಷ್ ರೈಲ್ವೆ 1924ರಿಂದ 1931ರೊಳಗೆ 422 ಕಟ್ಟಿಸಿದ, ಯಾರ್ಡಿನಲ್ಲಿ ವ್ಯಾಗನ್ ತಳ್ಳುವ ಕೂಲಿ ಎಂಜಿನ್. ಅದಕ್ಕೆ ಯಾರು 150ರ ವೇಗ ಕೇಳಿದರು? ಜೋರಾಗಿ ಓಡುವಾಗ ಎಲ್ಲ ಎಂಜಿನ್ನೂ ಚೆನ್ನಾಗಿಯೇ ಓಡುತ್ತವೆ. ಓಟದ ಭರದಲ್ಲಿ ಎಲ್ಲ ಕುಂಟೂ ಮುಚ್ಚಿಹೋಗುತ್ತದೆ.

ನಾನು ಈಗ ನೋಡುವುದು ಒಂದನ್ನೇ: ಎಷ್ಟು ನಿಧಾನವಾಗಿ, ನಿಲ್ಲದೆ ಹೋಗುತ್ತದೆ ಅಂತ. ಹಳಿಯ ಪಕ್ಕ ಒಂದು ಮೀಟರ್ ಗುರುತು ಹಾಕಿಕೊಂಡು ಫೋನಿನಲ್ಲಿ ಸಮಯ ಹಿಡಿಯುತ್ತೇನೆ. ಮನುಷ್ಯ ನಡೆಯುವ ವೇಗಕ್ಕೆ, ಅಂದರೆ ಗಂಟೆಗೆ 5 ಕಿಲೋಮೀಟರಿಗೆ, ಆ ಒಂದು ಮೀಟರಿಗೆ 55 ಸೆಕೆಂಡು ಹಿಡಿಯಬೇಕು. ಚಿಕ್ಕಂದಿನಲ್ಲಿ ಅರಸೀಕೆರೆ ಸ್ಟೇಷನ್‌ನಲ್ಲಿ ಮೀಟರ್ ಗೇಜಿನ ಎಂಜಿನ್ ಹೊರಡುವುದನ್ನು ಬಾಯಿ ಬಿಟ್ಟುಕೊಂಡು ನೋಡಿದವನು ನಾನು. ಮೊದಲು ಒಂದು ದೊಡ್ಡ ಉಸಿರು, ಚಕ್ರ ಅಲ್ಲಾಡಿತೋ ಇಲ್ಲವೋ ಅನ್ನುವ ಹಾಗೆ ಒಂದು ಕಾಲು ಸುತ್ತು, ಆಮೇಲೆ ಇನ್ನೊಂದು ಉಸಿರು, ಪ್ಲಾಟ್‌ಫಾರ್ಮಿನ ತುದಿ ದಾಟುವ ಹೊತ್ತಿಗೆ ನಾವು ಓಡಿಕೊಂಡು ಜೊತೆಗೆ ಹೋಗಬಹುದಾಗಿತ್ತು. ಮೇಜಿನ ಮೇಲಿನ ಎಂಜಿನ್ ಆ ಹೊರಡುವ ರೀತಿಯನ್ನು ತೋರಿಸದಿದ್ದರೆ ನನಗೆ ಅದು ಜಾತ್ರೆ ಆಟಿಕೆಯೇ.

ಚೆನ್ನಾಗಿ ಪಳಗಿದ ಮೇಲೆ ಒಂದು ಮೀಟರಿಗೆ ಜಿಂಟಿ 40 ಸೆಕೆಂಡು ತೆಗೆದುಕೊಳ್ಳುತ್ತದೆ, ಟೆಂಡರ್ ಮೋಟರಿನದು 20, ಆ 0-4-0 ಬರೀ 12. ಅದಕ್ಕಿಂತ ನಿಧಾನ ಮಾಡಿದರೆ ನಿಂತುಬಿಡುತ್ತವೆ. ನಿಜವಾದ ವೇಗಕ್ಕೆ ತಿರುಗಿಸಿದರೆ ಗಂಟೆಗೆ ಸುಮಾರು 7, 14, 23 ಕಿಲೋಮೀಟರ್.

0-4-0 ಯಾಕೆ ಹಿಂದೆ ಬಿತ್ತು? ಎಲ್ಲರೂ ಮೋಟರನ್ನು ಬಯ್ಯುತ್ತಾರೆ, ನಾನೂ ಬಯ್ದೆ. ಮೋಟರಿನದೂ ಸ್ವಲ್ಪ ತಪ್ಪಿದೆ, ಬೆರಳಲ್ಲಿ ತಿರುಗಿಸಿದರೆ ಕಟಕಟ ಅಂತ ಹಂತ ಹಂತವಾಗಿ ತಿರುಗುವುದು ಗೊತ್ತಾಗುತ್ತದೆ. ಆದರೆ ಮುಖ್ಯ ಕಾರಣ ಕರೆಂಟು. ಮೋಟರಿಗೆ ಕರೆಂಟಿನ ಎರಡೂ ತುದಿ ಬೇಕು, ಎಡ ಹಳಿಯಿಂದ ಒಂದು, ಬಲ ಹಳಿಯಿಂದ ಒಂದು, ಎರಡೂ ಕಡೆ ಕನಿಷ್ಠ ಒಂದೊಂದು ಚಕ್ರ ಯಾವಾಗಲೂ ಹಳಿಗೆ ಕಚ್ಚಿಕೊಂಡಿರಬೇಕು. ಇದಕ್ಕೆ ಪಕ್ಕಕ್ಕೆ ಎರಡೇ ಚಕ್ರ. ಹಳಿ ಕವಲೊಡೆಯುವ ಪಾಯಿಂಟ್ಸ್‌ನಲ್ಲಿ ಹಳಿಗಳು ಕತ್ತರಿಯಂತೆ ಕೂಡುವ ಜಾಗವಿದೆಯಲ್ಲ, ಅದಕ್ಕೆ ಫ್ರಾಗ್ ಅನ್ನುತ್ತಾರೆ, ಅಗ್ಗದ ಪಾಯಿಂಟ್ಸ್‌ನಲ್ಲಿ ಅದು ಪ್ಲಾಸ್ಟಿಕ್. ಒಂದು ಚಕ್ರ ಪ್ಲಾಸ್ಟಿಕ್ ಮೇಲೆ, ಇನ್ನೊಂದು ಒಂದು ಚುಕ್ಕೆ ಧೂಳಿನ ಮೇಲೆ, ಮುಗಿಯಿತು ಕಥೆ. ಬೆರಳಲ್ಲಿ ತಳ್ಳಬೇಕು. ಮೊದಲ ಆರು ತಿಂಗಳು ನಾನು ಎಂಜಿನ್ ಓಡಿಸಿದ್ದಕ್ಕಿಂತ ತಳ್ಳಿದ್ದೇ ಜಾಸ್ತಿ. ಒಳಗೆ ಕಾರಿನ ಚಕ್ರಕ್ಕೆ ಅಂಟಿಸುವ ಬ್ಯಾಲೆನ್ಸಿಂಗ್ ತೂಕ ಎರಡು ಅಂಟಿಸಿದ ಮೇಲೆ ಸ್ವಲ್ಪ ಸುಧಾರಿಸಿತು, ಚಕ್ರ ಹಳಿಗೆ ಒತ್ತಿ ಕೂರುತ್ತದೆ. ಆದರೂ ಮಕ್ಕಳಿಗೆ ಸರಿ, ದೊಡ್ಡವರಿಗೆ ಬೇಡ.

ಜಿಂಟಿಗೆ ಆರು ಚಕ್ರ, ಆರರಿಂದಲೂ ಕರೆಂಟು ಎತ್ತುತ್ತದೆ. ಒಂದೊಂದು ಚಕ್ರದ ಹಿಂದೆಯೂ ತೆಳ್ಳಗಿನ ಲೋಹದ ಪಟ್ಟಿ ಸವರಿಕೊಂಡು ಇರುತ್ತದೆ. ಅದೇ ಪಾಯಿಂಟ್ಸ್ ಮೇಲೆ ಏನೂ ಆಗಿಲ್ಲ ಎಂಬಂತೆ ದಾಟಿತು. ಹಾಗಂತ ಪೆಟ್ಟಿಗೆಯಿಂದ ತೆಗೆದಾಗಲೇ ಚೆನ್ನಾಗಿತ್ತು ಅಂತಲ್ಲ. ಹಿಂದೆ ವ್ಯಾಗನ್ ಕಟ್ಟದೆ ಅರ್ಧ ಗಂಟೆ ಮುಂದಕ್ಕೆ, ಅರ್ಧ ಗಂಟೆ ಹಿಂದಕ್ಕೆ ಸಾಧಾರಣ ವೇಗದಲ್ಲಿ ಓಡಿಸಿದೆ. ಇದನ್ನು ತಪ್ಪಿಸಬೇಡಿ, ಮೋಟರಿನ ಬ್ರಷ್ಷುಗಳು, ಅಂದರೆ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಪುಟ್ಟ ತುಂಡುಗಳು, ಕೂರುವುದೇ ಹೀಗೆ. ಸದ್ದು ಇಳಿಯಿತು. ಆದರೆ ನಿಧಾನಕ್ಕೆ ಬಿಟ್ಟಾಗ ಒಂದು ಕುಂಟು ಇತ್ತು. ಹೋಗುತ್ತದೆ, ತಡೆಯುತ್ತದೆ, ಹೋಗುತ್ತದೆ, ತಡೆಯುತ್ತದೆ. ಮಗಳು ನೋಡಿ "ಅಪ್ಪಾ, ನಿನ್ನ ರೈಲಿಗೆ ಬಿಕ್ಕಳಿಕೆ ಬಂದಿದೆ, ನೀರು ಕುಡಿಸು" ಅಂದಳು.

ಇಂಥ ಕುಂಟು ಎಲ್ಲಿಂದ ಬರುತ್ತದೆ ಅಂತ ಹುಡುಕುವುದು ಕಷ್ಟವಲ್ಲ. ಚಕ್ರದ ಅಂಚಿಗೆ ಬಿಳಿ ಬಣ್ಣದ ಒಂದು ಚುಕ್ಕೆ ಇಡಿ. ಚುಕ್ಕೆ ಪ್ರತಿ ಸಲ ಒಂದೇ ಜಾಗಕ್ಕೆ ಬಂದಾಗ ತಡೆದರೆ ತೊಂದರೆ ಚಕ್ರದಲ್ಲೋ ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ಕಪ್ಲಿಂಗ್ ರಾಡಿನಲ್ಲೋ ಇದೆ. ಚುಕ್ಕೆಗೂ ಅದಕ್ಕೂ ಸಂಬಂಧವಿಲ್ಲದೆ ಬೇಗಬೇಗ ನಡುಗಿದರೆ ಮೋಟರು ಅಥವಾ ಅದರ ಕಡ್ಡಿಯ ಮೇಲಿನ, ಸ್ಕ್ರೂ ಥರದ ವರ್ಮ್ ಗೇರ್. ಮುಂದಕ್ಕೆ ಚೆನ್ನಾಗಿ ಹೋಗಿ ಹಿಂದಕ್ಕೆ ಮಾತ್ರ ಗೊರಗೊರ ಅಂದರೆ ವರ್ಮ್ ತನ್ನ ಜಾಗದಲ್ಲಿ ಹಿಂದೆ ಮುಂದೆ ಜಾರುತ್ತಿದೆ ಅನ್ನುವ ಅನುಮಾನ ಇಟ್ಟುಕೊಳ್ಳಿ. ಯಾವ ಲೆಕ್ಕಕ್ಕೂ ಸಿಗದೆ ಎಲ್ಲೆಂದರಲ್ಲಿ ನಿಂತರೆ ಅದು ಕೊಳೆ, ಎಂಜಿನ್ನಿನ ತಪ್ಪೇ ಅಲ್ಲ.

ನನ್ನದು ಚಕ್ರದ್ದು. ಎರಡು ಸಿಲಿಂಡರಿನ ಉಗಿ ಎಂಜಿನ್‌ನಲ್ಲಿ ಒಂದು ಬದಿಯ ಚಕ್ರದಲ್ಲಿ ರಾಡು ಹಿಡಿಯುವ ಪಿನ್ನಿಗೂ ಇನ್ನೊಂದು ಬದಿಯ ಪಿನ್ನಿಗೂ ಕಾಲು ಸುತ್ತಿನ ವ್ಯತ್ಯಾಸ ಇರುತ್ತದೆ, ಮಾದರಿಯಲ್ಲೂ ಹಾಗೆಯೇ ಇಡುತ್ತಾರೆ. ಮೂರು ಜೊತೆ ಚಕ್ರಗಳಲ್ಲಿ ಒಂದು ಜೊತೆ ಕೂದಲೆಳೆಯಷ್ಟು ಆಚೀಚೆ ಆದರೂ ರಾಡು ಸುತ್ತಿಗೊಮ್ಮೆ ಹಿಡಿದುಕೊಳ್ಳುತ್ತದೆ. ಮಧ್ಯದ ಜೊತೆ ಹಾಗಿತ್ತು. ರಾಡಿನ ತೂತನ್ನು ಸಣ್ಣ ದುಂಡು ಅರದಿಂದ ಎರಡೇ ಎರಡು ಸಲ ಉಜ್ಜಿದೆ, ಬಿಕ್ಕಳಿಕೆ ನಿಂತಿತು. ಇದು ಕಳ್ಳ ರಿಪೇರಿ ಅಂತ ನನಗೂ ಗೊತ್ತು, ಸರಿಯಾದ ದಾರಿ ಅಂದರೆ ಚಕ್ರ ತೆಗೆದು ಕೂರಿಸುವುದು ಅಥವಾ ಮೊದಲ ವಾರದಲ್ಲೇ ಅಂಗಡಿಗೆ ವಾಪಸ್ ಕಳಿಸುವುದು. ನಾನು ಸೋಮಾರಿತನ ಮಾಡಿ ವಾಪಸ್ ಕಳಿಸುವ ದಿನ ಮೀರಿಸಿದ್ದೆ. ಅಂಗಡಿಯವರು "ಓಡುತ್ತಿದೆಯಲ್ಲ ಸರ್" ಅಂದರು. ಓಡುವುದೇನೋ ಓಡುತ್ತಿತ್ತು! ಎರಡನೆಯ ವರ್ಷ ಚಕ್ರದ ಅಚ್ಚಿನ ಮೇಲಿನ ಪ್ಲಾಸ್ಟಿಕ್ ಗೇರು ಸೀಳಿತು. ಹೊಸದು 4 ಪೌಂಡಿಗೆ ಸಿಕ್ಕಿತು, ಹಾಕಲು ಒಂದು ಭಾನುವಾರ ಪೂರ್ತಿ ಹೋಯಿತು. ಅದಾದ ಮೇಲೆ ಇವತ್ತಿನವರೆಗೂ ತಕರಾರಿಲ್ಲ.

ಟೆಂಡರ್ ಮೋಟರಿನ 4-6-0 ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೋಡಲು ರಾಜಗಾಂಭೀರ್ಯ, ಕೇಳಲು ಹಿಟ್ಟಿನ ಗಿರಣಿ. ಎಂಜಿನ್ ಒಂದು ಹಳಿಯಿಂದ, ಟೆಂಡರ್ ಇನ್ನೊಂದು ಹಳಿಯಿಂದ ಕರೆಂಟು ಎತ್ತುತ್ತವೆ, ನಡುವಿನ ಕೊಂಡಿ ಸಡಿಲವಾದರೆ ಎರಡೂ ಸತ್ತಂತೆ. ಹಿಡಿತಕ್ಕೆ ಅಂತ ಚಕ್ರಕ್ಕೆ ರಬ್ಬರ್ ಉಂಗುರ ಹಾಕಿರುತ್ತಾರೆ, ಅದು ಹಳೆಯದಾಗಿ ಬಿರುಕು ಬಿಟ್ಟಿತ್ತು, ಹಾಗಾಗಿ ಹೋಳಿಗೆ ಲಟ್ಟಿಸುವಾಗ ಮಣೆ ಅಲ್ಲಾಡುವ ಹಾಗೆ ಅಲ್ಲಾಡಿಕೊಂಡು ಬರುತ್ತಿತ್ತು. ಉಂಗುರ ಬದಲಾಯಿಸಿ, ಬ್ರಷ್ ಬದಲಾಯಿಸಿ, ಬ್ರಷ್ ಸವರಿಕೊಂಡಿರುವ, ಕರಿಗಟ್ಟಿದ ಕಮ್ಯುಟೇಟರ್ ಒರೆಸಿದ ಮೇಲೆ ಎಂಟು ಬೋಗಿ ಎಳೆಯುತ್ತದೆ. ಒಳಗೆಲ್ಲ ಕೈಗೆ ಸಿಗುವುದು ಇದರ ಒಂದು ಒಳ್ಳೆಯ ಗುಣ. ಸ್ಕ್ರೂಡ್ರೈವರ್ ಹಿಡಿಯುವ ಆಸೆ ಇದ್ದವರಿಗೆ ಮಾತ್ರ.

ಇನ್ನು ಕೊಳೆ. ಎಂಜಿನ್ ಸರಿಯಿಲ್ಲ ಅಂತ ನಾನು ಸಿಟ್ಟು ಮಾಡಿಕೊಂಡ ಹತ್ತು ಸಲದಲ್ಲಿ ಏಳು ಸಲ ತಪ್ಪು ಹಳಿಯದು. ಅಡುಗೆಮನೆಯ ಟಿಶ್ಯೂ ಹಾಳೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಹಳಿ ಮೇಲೆ ಹಾಸಿ, ಎಂಜಿನ್ನಿನ ಅರ್ಧ ಚಕ್ರ ಅದರ ಮೇಲೆ, ಅರ್ಧ ಬರಿ ಹಳಿ ಮೇಲೆ ಇರುವ ಹಾಗೆ ಹಿಡಿದು ಕರೆಂಟು ಕೊಡಿ. ಎರಡು ಕಪ್ಪು ಗೆರೆ ಬೀಳುತ್ತವೆ ನೋಡಿ, ಅಸಹ್ಯವಾಗುತ್ತದೆ. ವ್ಯಾಗನ್ನುಗಳ ಪ್ಲಾಸ್ಟಿಕ್ ಚಕ್ರ ತೆಗೆದು ಲೋಹದ್ದು ಹಾಕಿದ ಮೇಲೆ ನನ್ನ ಹಳಿ ಕೊಳೆಯಾಗುವುದು ಕಡಿಮೆಯಾಯಿತು. ಎಣ್ಣೆ ವಿಷಯದಲ್ಲಿ ಜಿಪುಣರಾಗಿರಿ. ಗುಂಡುಸೂಜಿ ತುದಿಯಲ್ಲಿ ನಿಲ್ಲುವಷ್ಟು ಸಾಕು, ಒಗ್ಗರಣೆಗೆ ಹಾಕಿದ ಹಾಗೆ ಸುರಿದರೆ ಅದೆಲ್ಲ ಹಳಿಗೆ ಇಳಿದು ಧೂಳು ಹಿಡಿಯುತ್ತದೆ. ಸೆಟ್ ಜೊತೆ ಬರುವ ಗೋಡೆ ಪ್ಲಗ್ಗಿನ ಕಂಟ್ರೋಲರನ್ನೂ ಬದಲಾಯಿಸಿ. ನನ್ನದರಲ್ಲಿ ನಾಬಿನ ಮೊದಲ ಕಾಲು ಭಾಗ ಏನೂ ಆಗುತ್ತಿರಲಿಲ್ಲ, ಆಮೇಲೆ ಒಮ್ಮೆಲೇ ಜಿಗಿಯುತ್ತಿತ್ತು. ಕಂಟ್ರೋಲರ್ ಬದಲಾದ ದಿನ ಆ 0-4-0 ಕೂಡ ಸ್ವಲ್ಪ ಮರ್ಯಾದೆ ಕಲಿಯಿತು.

ಡಿಸಿಸಿ, ಅಂದರೆ ಎಂಜಿನ್ನಿನೊಳಗೆ ಚಿಪ್ ಇಟ್ಟು ಹಳಿಯ ಮೂಲಕ ಡಿಜಿಟಲ್ ಸಂಕೇತ ಕಳಿಸಿ ಓಡಿಸುವ ವ್ಯವಸ್ಥೆ, ಹಾಕಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರಿದ್ದಾರೆ. ಸರಿಹೋಗುವುದಿಲ್ಲ. ಕುಂಟುವ ಚಕ್ರ ಡಿಸಿಸಿಯಲ್ಲೂ ಕುಂಟುತ್ತದೆ, ಕೊಳೆ ಹಳಿಯನ್ನು ಅದು ಇನ್ನೂ ಸಹಿಸುವುದಿಲ್ಲ. ಫ್ರಾಗ್ ದಾಟುವಾಗ ಕರೆಂಟು ಕೊಡುವ ಕೆಪಾಸಿಟರ್ ಸಿಗುತ್ತದೆ ನಿಜ, ಆದರೆ ಇಂಥ ಪುಟ್ಟ ಎಂಜಿನ್ನಿನ ಹೊಟ್ಟೆಯಲ್ಲಿ ಅದಕ್ಕೆ ಜಾಗ ಎಲ್ಲಿದೆ?

ನನ್ನ ಅಂಕ: 0-4-0ಗೆ 5ಕ್ಕೆ 2, ಟೆಂಡರ್ ಮೋಟರಿನದಕ್ಕೆ 3, ಜಿಂಟಿಗೆ 4. ಕೊಳ್ಳುವುದಾದರೆ ಎಲ್ಲ ಚಕ್ರದಿಂದಲೂ ಕರೆಂಟು ಎತ್ತುವ 0-6-0 ಕೊಳ್ಳಿ, ಅಂಗಡಿಯಲ್ಲೇ ನಿಧಾನಕ್ಕೆ ಓಡಿಸಿ ತೋರಿಸಿ ಅಂತ ಕೇಳಿ, ಸಂಕೋಚ ಬೇಡ. ಜಿಂಟಿಯ ಮೋಟರು ಮುಚ್ಚಿದ ಡಬ್ಬಿಯ ಥರದ್ದು, ಬ್ರಷ್ ಸವೆದರೆ ಪೂರ್ತಿ ಮೋಟರನ್ನೇ ಬದಲಾಯಿಸಬೇಕು. ಕಳೆದ ತಿಂಗಳಿಂದ ಶುರುವಿನಲ್ಲಿ ಸಣ್ಣದಾಗಿ ಕೀರಲು ದನಿ ಬರುತ್ತಿದೆ. ಇನ್ನೊಂದು ಮೋಟರು ತರಿಸಿ ಡ್ರಾಯರಿನಲ್ಲಿ ಇಟ್ಟಿದ್ದೇನೆ.