ಮುಂಬೈಯ ಬಜೆಟ್ ಚೈನ್ ರೂಮುಗಳು: ನಾಲ್ಕು ವರ್ಷದ ಬಳಕೆ, ಒಂದು ಬಕೆಟ್ ಬಿಸಿನೀರು

ರೂಮಿನ ಅಳತೆ, ವೈಫೈ, ಟಿವಿ, ತಿಂಡಿಯ ಪಟ್ಟಿ ಎಲ್ಲ ಬುಕಿಂಗ್ ಪುಟದಲ್ಲೇ ಇರುತ್ತದೆ, ಇಲ್ಲಿ ಬೇಡ. ಕುರ್ಲಾ, ಸಾಯನ್, ಚೆಂಬೂರು, ಅಂಧೇರಿ ಕಡೆ ಒಂದೇ ಚೈನಿನ ಬೋರ್ಡು ಹೊತ್ತ ರೂಮುಗಳನ್ನು ನಾಲ್ಕು ವರ್ಷ ಬಳಸಿದ ಮೇಲೆ ಬರೆಯಲೇಬೇಕು ಅನ್ನಿಸಿದ್ದು ಬಿಸಿನೀರಿನ ಬಗ್ಗೆ. ರಾತ್ರಿಯಿಡೀ ಮತ್ಸ್ಯಗಂಧ ರೈಲಿನಲ್ಲಿ ಬಂದು ಬೆಳಗ್ಗೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ (ಎಲ್‌ಟಿಟಿ) ಇಳಿದವರಿಗೂ, ರೋಗಿಯನ್ನು ಕರೆದುಕೊಂಡು ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಎಂಟು ಗಂಟೆಗೆಲ್ಲ ಹೊರಡಬೇಕಾದವರಿಗೂ ಮೊದಲು ಬೇಕಾದ್ದು ಅದು. ಅದೇ ಚೈನು, ಅದೇ 1,800 ರೂಪಾಯಿ. ಆದರೂ ಒಂದು ಕಡೆ ಮೈ ಸುಡುವಷ್ಟು ಬಿಸಿ, ಇನ್ನೊಂದು ಕಡೆ ಹದಿನೈದು ನಿಮಿಷ ನಲ್ಲಿ ಬಿಟ್ಟರೂ ತಣ್ಣೀರು.

ಚೈನು ಬೆಳೆದ ರೀತಿಯಲ್ಲೇ ಇದಕ್ಕೆ ಕಾರಣವಿದೆ. ನಮ್ಮಲ್ಲಿ ಬ್ರಾಂಡಿನ ಬಜೆಟ್ ಹೋಟೆಲ್ ಎಂಬುದಕ್ಕೆ ದಾರಿ ಹಾಕಿದ್ದು 2004ರಲ್ಲಿ ಟಾಟಾ ಸಮೂಹದ ಇಂಡಿಯನ್ ಹೋಟೆಲ್ಸ್ ಕಂಪನಿ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ತೆರೆದ ‘ಇಂಡಿಒನ್’. ಮುಂದೆ ಅದೇ ‘ಜಿಂಜರ್’ ಆಯಿತು. 2023ರಲ್ಲಿ ಸಾಂತಾಕ್ರೂಜ್‌ನಲ್ಲಿ 371 ರೂಮುಗಳ ಜಿಂಜರ್ ಶುರುವಾಯಿತು. ಹೋಟೆಲಿಗೆಂದೇ ಕಟ್ಟುವ ಕಟ್ಟಡವಾದರೆ ಬಿಸಿನೀರಿನ ಪೈಪು ನಕ್ಷೆಯ ಹಂತದಲ್ಲೇ ತೀರ್ಮಾನವಾಗುತ್ತದೆ. ಬಿಸಿನೀರು ಪೈಪಿನಲ್ಲೇ ನಿಂತು ಆರದೆ ಸದಾ ಸುತ್ತುತ್ತಿರಲಿ ಎಂದು ವಾಪಸು ಬರುವ ಪೈಪನ್ನೂ ಹಾಕಬಹುದು. ಆದರೆ ಮುಂಬೈಯಲ್ಲಿ ಜಾಗ ಕೊಂಡು ಕಟ್ಟಿಸಿ ಎರಡು ಸಾವಿರದೊಳಗೆ ರೂಮು ಕೊಡುವುದು ಬಹಳ ಕಷ್ಟ. ಹಾಗಾಗಿ ಆಮೇಲೆ ಬಂದ ಚೈನುಗಳು ಮೊದಲೇ ಇದ್ದ ಬೋರ್ಡಿಂಗ್ ಲಾಡ್ಜಿಂಗುಗಳನ್ನು ಸೇರಿಸಿಕೊಂಡು ಬೆಳೆದವು. ಕಟ್ಟಡವೂ ಕೆಲಸದವರೂ ಮಾಲೀಕರ ಪಾಲಿಗೆ; ಹೆಸರು, ಬುಕಿಂಗ್, ನಿಯಮ ಚೈನಿನವು. ಹಾಸಿಗೆ, ಬಣ್ಣ, ಬಿಳಿ ಬೆಡ್‌ಶೀಟು, ಬೋರ್ಡು ಕೆಲವೇ ವಾರಗಳಲ್ಲಿ ಬದಲಾಗುತ್ತವೆ. ಗೋಡೆಯೊಳಗಿನ ಪೈಪು ಬದಲಿಸಬೇಕಾದರೆ ಟೈಲ್ಸ್ ಒಡೆಯಬೇಕು, ರೂಮು ದಿನಗಟ್ಟಲೆ ಮುಚ್ಚಬೇಕು. ಅದಕ್ಕೆ ಯಾರೂ ಕೈ ಹಾಕುವುದಿಲ್ಲ.

ಆದ್ದರಿಂದ ಬುಕ್ ಮಾಡುವ ಮುಂಚೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ‘ಗೀಸರ್ ರೂಮಿನೊಳಗೇ ಉಂಟಾ, ಟೆರೇಸಿನಿಂದ ಬರುವುದಾ?’ ಕೌಂಟರಿನಲ್ಲಿ ಕರಾವಳಿಯವರು ಇದ್ದರೆ ಕನ್ನಡದಲ್ಲೇ ಉತ್ತರ ಸಿಗುತ್ತದೆ.

ರೂಮಿನಲ್ಲಿ 15 ಲೀಟರಿನ ಗೀಸರ್ ಇದ್ದರೆ ನಿಶ್ಚಿಂತೆಯಿಂದ ಬುಕ್ ಮಾಡಿ. 2 ಕಿಲೋವಾಟ್ ಕಾಯಿಲ್ ಇದ್ದರೆ 25 ಡಿಗ್ರಿಯ ನೀರು 60ಕ್ಕೆ ಏರಲು 18ರಿಂದ 20 ನಿಮಿಷ ಬೇಕು. ಅದಕ್ಕೆ ತಣ್ಣೀರು ಬೆರೆಸಿದರೆ ಮೈಗೆ ಹಿತವಾದ 40 ಡಿಗ್ರಿಯ ನೀರು ಸುಮಾರು 35 ಲೀಟರ್, ಅಂದರೆ ಎರಡು ಬಕೆಟ್. ಇಬ್ಬರ ಸ್ನಾನ ಸಲೀಸಾಗಿ ಆಗುತ್ತದೆ. ಅದನ್ನೇ ನಿಮಿಷಕ್ಕೆ 9 ಲೀಟರ್ ಸುರಿಯುವ ಶವರಿಗೆ ಬಿಟ್ಟರೆ ನಾಲ್ಕು ನಿಮಿಷದಲ್ಲಿ ಖಾಲಿ, ಎರಡನೆಯವರು ನಡುಗಬೇಕು. ಸಿಂಕಿನ ಮೇಲೆ 3 ಲೀಟರಿನ ಪುಟ್ಟ ಇನ್‌ಸ್ಟಂಟ್ ಗೀಸರ್ ಇದ್ದರೆ ನಲ್ಲಿಯನ್ನು ಸಣ್ಣಗೆ ಬಿಡಿ. 3 ಕಿಲೋವಾಟಿನದು ನಿಮಿಷಕ್ಕೆ ಮೂರು ಲೀಟರಿನಷ್ಟು ಮಾತ್ರ ಹದವಾಗಿ ಕಾಯಿಸಬಲ್ಲದು. ಬಕೆಟ್ ತುಂಬಲು ಐದಾರು ನಿಮಿಷ ಹಿಡಿಯುತ್ತದೆ, ಆದರೆ ನೀರು ಮುಗಿಯುವ ಭಯವಿಲ್ಲ.

ಟೆರೇಸಿನ ಸೋಲಾರ್ ಆದರೆ ಯೋಚಿಸಿ. ಮುಕ್ಕಾಲು ಇಂಚಿನ ಪೈಪು 20 ಮೀಟರ್ ಇಳಿದು ಬಂದಿದ್ದರೆ ಅದರಲ್ಲೇ ಆರು ಲೀಟರ್ ತಣ್ಣೀರು ನಿಂತಿರುತ್ತದೆ. ಅದು ಹರಿದು ಹೋದ ಮೇಲೆಯೇ ಬಿಸಿ ಬರುವುದು. ಆ ನೀರನ್ನು ಬಕೆಟಿಗೆ ಹಿಡಿದಿಟ್ಟುಕೊಂಡು ಬಟ್ಟೆ ಹಿಂಡಲು ಬಳಸಿ, ಚೆಲ್ಲಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದಾಗ ಬ್ಯಾಕಪ್ ಹೀಟರಿನದೇ ಗತಿ. ‘ಬಿಸಿನೀರು 6ರಿಂದ 9’ ಎಂಬ ಚೀಟಿ ಅಂಟಿಸಿದ್ದರೆ 9ರ ಮೇಲೆ ಆಸೆ ಬೇಡ.

ಅತಿ ಹೆಚ್ಚು ಸಿಟ್ಟು ಬರಿಸಿದ್ದು ಬಾಗಿಲ ಪಕ್ಕದ ಕೀ ಕಾರ್ಡ್ ಸ್ಲಾಟು. ಕಾರ್ಡು ತೂರಿಸಿದರೆ ಮಾತ್ರ ರೂಮಿಗೆ ಕರೆಂಟ್. ಉಳಿತಾಯಕ್ಕೆಂದು ಇಟ್ಟದ್ದು ಸರಿ, ಆದರೆ ಹಲವು ಕಡೆ ಗೀಸರನ್ನೂ ಅದರ ಲೈನಿಗೇ ಸೇರಿಸಿದ್ದಾರೆ. ಕಾರ್ಡು ತೆಗೆದು ತಿಂಡಿಗೆ ಹೋದರೆ ಗೀಸರೂ ಬಂದ್. ಒಳಗೆ ಬಂದ ಕೂಡಲೇ ಕಾರ್ಡು ತೂರಿಸಿ, ಗೀಸರ್ ಸ್ವಿಚ್ಚಿನ ಕೆಂಪು ದೀಪ ನೋಡಿ, ಬಿಸಿನೀರ ನಲ್ಲಿಯನ್ನು ಪೂರ್ತಿ ತಿರುಗಿಸಿ ಬಕೆಟಿಗೆ ಬಿಡಿ. 16 ಲೀಟರಿನ ಬಕೆಟ್ ಎರಡು ನಿಮಿಷದಲ್ಲಿ ತುಂಬಿದರೆ ಒತ್ತಡ ಸಾಕಷ್ಟಿದೆ. ಐದು ನಿಮಿಷ ಹಿಡಿದರೆ ಬ್ಯಾಗು ಬಿಚ್ಚುವ ಮೊದಲೇ ರೂಮು ಬದಲಿಸಿಕೊಳ್ಳಿ, ಆಮೇಲೆ ಕೇಳಿದರೆ ಕಷ್ಟ. ಮೇಲಿನ ಮಹಡಿ ಗಾಳಿಗೆ ಚೆಂದ, ನೀರಿಗೆ ಅಲ್ಲ. ಹತ್ತು ಮೀಟರ್ ಎತ್ತರದ ನೀರಿಗೆ ಸಿಗುವುದು ಒಂದು ಬಾರ್ ಒತ್ತಡ. ಟ್ಯಾಂಕು ತಲೆಯ ಮೇಲೆ ಎರಡೇ ಮೀಟರಿದ್ದರೆ ಅಗಲವಾದ ರೇನ್ ಶವರು ತೊಟ್ಟಿಕ್ಕುತ್ತದೆ ಅಷ್ಟೆ. ಟ್ಯಾಂಕಿಗಿಂತ ಮೂರು ಮಹಡಿ ಕೆಳಗಿನ ರೂಮು ಕೇಳಿ.

ಇಷ್ಟೆಲ್ಲ ದೂರಿದರೂ ಹಳೇ ಲಾಡ್ಜುಗಳ ಒಂದು ಒಳ್ಳೇ ಗುಣ ಹೇಳಲೇಬೇಕು: ಬಕೆಟು, ಮಗ್ಗು, ಕೂತು ಸ್ನಾನ ಮಾಡಲು ಸ್ಟೂಲು. ಹೊಸ ಕಟ್ಟಡಗಳ ಗಾಜಿನ ಶವರ್ ಗೂಡಿನಲ್ಲಿ ಇವು ಮೂರೂ ಹೆಚ್ಚಾಗಿ ಇರುವುದಿಲ್ಲ. ಕೀಮೋ ಮುಗಿಸಿ ಬಂದವರಿಗೆ, ಮೊಣಕಾಲು ನೋವಿನ ಅಜ್ಜಿಗೆ ಆ ಸ್ಟೂಲಿನ ಬೆಲೆ ಗೊತ್ತು. ಹಳೇ ವೈರಿಂಗ್ ಆದ್ದರಿಂದ ನೀರು ಕಾದ ಮೇಲೆ ಗೀಸರ್ ಆಫ್ ಮಾಡಿಯೇ ಸ್ನಾನಕ್ಕೆ ಕೂರಿಸಿ. ಅರ್ಥಿಂಗ್ ಸರಿ ಇದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ.

ಪುಣೆಯ ವಾಕಡ್, ಹಿಂಜವಡಿ ಕಡೆ ಟ್ಯಾಂಕರ್ ಅಥವಾ ಬೋರ್‌ವೆಲ್‌ನ ಗಡಸು ನೀರು ಬರುವ ಕಟ್ಟಡಗಳಲ್ಲಿ ಕಾಯಿಲಿಗೆ ಬಿಳಿ ಪದರ ಕಟ್ಟುತ್ತದೆ. ಗೀಸರ್ ಗುರುಗುಟ್ಟಿದರೆ ಕಾರಣ ಅದು, ನೀರು ಕಾಯುವುದೂ ತಡ. ಮುಂಬೈಯಲ್ಲಿ ಬರುವ ತಾನ್ಸಾ, ಭಾತ್ಸಾ, ವೈತರಣಾ ಜಲಾಶಯಗಳ ಪಾಲಿಕೆ ನೀರು ಮೆದು, ಆ ಕಾಟ ಕಡಿಮೆ.

ದರದ ಲೆಕ್ಕ: 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ರೂಮುಗಳಿಗೆ ಜಿಎಸ್‌ಟಿ 12ರಿಂದ 5 ಶೇಕಡಕ್ಕೆ ಇಳಿದಿದೆ. 1,800ರ ರೂಮಿಗೆ ತೆರಿಗೆ 216ರ ಬದಲು 90. ಬಿಲ್ಲಿನಲ್ಲಿ ನೋಡಿಕೊಳ್ಳಿ. ಉಳಿದ 126 ರೂಪಾಯಿಗೆ ಮಾಟುಂಗಾದಲ್ಲಿ ಇಡ್ಲಿ ಕಾಫಿ ಆಗುತ್ತದೆ, ಮೊದಲು ಸ್ನಾನ ಆಗಿದ್ದರೆ.